ಲೀಟರಿಗೆ ಎಷ್ಟು ಯೂನಿಟ್? ಸಮುದ್ರದ ನೀರಿನ ಡೀಸೆಲ್ ಕುರಿತು ಒಂದು ಬಹಿರಂಗ ಪತ್ರ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾಡಳಿತಗಳಿಗೆ,
ಹಾಗೂ ಮೂರೂ ಜಿಲ್ಲೆಗಳ ಜನರಿಗೆ

ಮಾನ್ಯರೇ,

ಸಮುದ್ರದ ನೀರಿನಿಂದ ಡೀಸೆಲ್ ಮಾಡಬಹುದು. ಇದು ಸುಳ್ಳಲ್ಲ, ಪವಾಡವೂ ಅಲ್ಲ. ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳು ಹೇಳದೆ ಬಿಡುವ ಸಂಗತಿ ಒಂದೇ: ಒಂದು ಲೀಟರ್ ತಯಾರಾಗುವುದಕ್ಕೆ ಎಷ್ಟು ಯೂನಿಟ್ ಕರೆಂಟ್ ಬೇಕು? ಇವತ್ತಿನ ಯಂತ್ರಗಳನ್ನಿಟ್ಟು ಲೆಕ್ಕ ಹಾಕಿದರೆ 27ರಿಂದ 30 ಯೂನಿಟ್ ಬರುತ್ತದೆ. ಅದೇ ಲೀಟರನ್ನು ಉರಿಸಿದಾಗ ಸಿಗುವ ಶಾಖ ಹತ್ತು ಯೂನಿಟ್ಟಿಗಿಂತ ತುಸು ಕಡಿಮೆ. ಇಂಥ ಯೋಜನೆಯ ಕಡತ ಮಂಡಳಿಯ ಮೇಜಿಗೆ ಬಂದರೆ ಬಂಡವಾಳ ಎಷ್ಟು, ಉದ್ಯೋಗ ಎಷ್ಟು ಎಂದು ಕೇಳುವುದಕ್ಕೆ ಮೊದಲು ಲೀಟರಿಗೆ ಎಷ್ಟು ಯೂನಿಟ್ ಎಂದು ಕೇಳಿ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಕಡಲಿಲ್ಲದ ಊರಿನವರಿಗೆ ಕಡಲಿನ ಉಸಾಬರಿ ಯಾಕೆ ಎನ್ನಬಹುದು. ಬಿಸಿಲು ನಮ್ಮಲ್ಲಿದೆ, ಸುಣ್ಣದ ಕಲ್ಲು ನಮ್ಮಲ್ಲಿದೆ, ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳು ನಮ್ಮಲ್ಲಿವೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಸಹಾಯಧನ ಇದ್ದ ಕಡೆ ಪ್ರಸ್ತಾವನೆಗಳು ತಾವಾಗಿ ಬರುತ್ತವೆ. ಕಡಲ ದಂಡೆಯಲ್ಲಿ ಶುರುವಾದ ಮಾತು ಸೇಡಂ, ಚಿತ್ತಾಪುರ, ಹುಮನಾಬಾದ್ ಮುಟ್ಟುವುದಕ್ಕೆ ಹೆಚ್ಚು ದಿನ ಬೇಕಾಗಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ನೀರು ಇಂಧನವಲ್ಲ. ಹೈಡ್ರೋಜನ್ ಉರಿದು ಉಳಿದ ಬೂದಿಯೇ ನೀರು, ಕಾರ್ಬನ್ ಉರಿದು ಉಳಿದ ಬೂದಿಯೇ ಕಾರ್ಬನ್ ಡೈಆಕ್ಸೈಡ್. ಒಲೆಯ ಬೂದಿಯನ್ನು ಮತ್ತೆ ಕಟ್ಟಿಗೆ ಮಾಡಬೇಕೆಂದರೆ ಉರಿಯುವಾಗ ಹೊರಬಿದ್ದಷ್ಟು ಶಕ್ತಿಯನ್ನು ಪೂರಾ ವಾಪಸ್ ತುಂಬಬೇಕು, ನಡುವೆ ಸೋರಿ ಹೋಗುವುದು ಬೇರೆ. 1996ರಲ್ಲಿ ತಮಿಳುನಾಡಿನಲ್ಲಿ ನೀರಿಗೆ ಗಿಡಮೂಲಿಕೆ ಹಾಕಿ ಪೆಟ್ರೋಲ್ ಮಾಡಿದ್ದೇನೆ ಎಂದವರ ಮಾತಿಗೆ ದೊಡ್ಡ ದೊಡ್ಡವರೇ ತಲೆದೂಗಿದ್ದರು. ಕೊನೆಗೆ ಅದು ವಂಚನೆ ಎಂದು ಕೋರ್ಟಿನಲ್ಲಿ ಶಿಕ್ಷೆಯಾಯಿತು. ಸಮುದ್ರದ ನೀರಿನ ಇಂಧನ ಆ ಜಾತಿಗೆ ಸೇರಿದ್ದಲ್ಲ, ನಿಜವಾದ ರಸಾಯನಶಾಸ್ತ್ರ. ಆದರೆ ಶಕ್ತಿ ಬರುವುದು ನೀರಿನಿಂದಲ್ಲ, ತಂತಿಯಿಂದ.

ಇದನ್ನು ಮಾಡಿ ತೋರಿಸಿದವರು ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದವರು. ಸಮುದ್ರದ ನೀರಿನಿಂದ ತೆಗೆದ ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್‌ನಿಂದ ಮಾಡಿದ ದ್ರವ ಇಂಧನದಲ್ಲಿ ಎರಡನೇ ಮಹಾಯುದ್ಧ ಕಾಲದ ಪಿ-51 ವಿಮಾನದ ಸಣ್ಣ ಮಾದರಿಯನ್ನು ಹಾರಿಸಿದ್ದಾಗಿ 2014ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಗ್ಯಾಲನ್ನಿಗೆ (ಸುಮಾರು 3.8 ಲೀಟರಿಗೆ) 3ರಿಂದ 6 ಡಾಲರ್ ಆಗಬಹುದು ಎಂದು ಅಂದಾಜನ್ನೂ ಕೊಟ್ಟರು. ವಿಡಿಯೋಗಳಲ್ಲಿ ತೇಲಿ ಬರುವುದು ಈ ಅಂಕಿಯೇ. ಅವರ ಲೆಕ್ಕ ಬೇರೆ ಎಂಬುದನ್ನು ಯಾರೂ ಹೇಳುವುದಿಲ್ಲ. ನಡುಗಡಲಿನಲ್ಲಿರುವ ಯುದ್ಧನೌಕೆಗೆ ಇಂಧನ ತಲುಪಿಸುವ ಟ್ಯಾಂಕರ್ ಹಡಗು ದುಬಾರಿ, ಶತ್ರುವಿಗೆ ಸುಲಭದ ಗುರಿ ಕೂಡ. ಅವರ ವಿಮಾನವಾಹಕ ನೌಕೆಯ ಹೊಟ್ಟೆಯಲ್ಲಿ ಅಣು ರಿಯಾಕ್ಟರ್ ಹೇಗೂ ಇರುತ್ತದೆ. ಅಂಥ ಕಡೆ ಮೂರು ಪಾಲು ಕರೆಂಟ್ ಕೊಟ್ಟು ಒಂದು ಪಾಲು ಇಂಧನ ಪಡೆದರೂ ಅರ್ಥವಿದೆ. ರಿಂಗ್ ರೋಡಿನ ಪೆಟ್ರೋಲ್ ಪಂಪಿಗೆ ಆ ಅರ್ಥ ಅನ್ವಯಿಸುವುದಿಲ್ಲ.

ಇನ್ನು ಒಳಗಿನ ಕೆಲಸ. ಹೀಗೆ ತಯಾರಾಗುವ ಡೀಸೆಲ್ ಒಂದು ಲೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ, ಅದರಲ್ಲಿ 680 ಗ್ರಾಂ ಕಾರ್ಬನ್. ಇಷ್ಟು ಕಾರ್ಬನ್ ಬೇಕೆಂದರೆ 2.5 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹಿಡಿಯಬೇಕು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಅದು ಎಲ್ಲ ರೂಪದಲ್ಲೂ ಸೇರಿ 100 ಮಿಲಿಗ್ರಾಂ ಇದೆ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಗಾಳಿಗಿಂತ ನೂರ ನಲವತ್ತು ಪಟ್ಟಿನಷ್ಟು ಹೆಚ್ಚು. ಸಮುದ್ರಕ್ಕೆ ಕೈ ಹಾಕಿದ್ದೇ ಅದಕ್ಕೆ. ಆದರೂ ಭಾಗಿಸಿ ನೋಡಿ: ಒಂದು ಲೀಟರ್ ಇಂಧನಕ್ಕೆ 25,000 ಲೀಟರ್ ಸಮುದ್ರದ ನೀರು. ಹಿಡಿಯುವಾಗ ಎಂಟು ಪರ್ಸೆಂಟ್, ಇಂಧನ ಮಾಡುವಾಗ ಹದಿನೈದು ಪರ್ಸೆಂಟ್ ಪೋಲಾಗುತ್ತದೆ ಎಂದಿಟ್ಟುಕೊಂಡರೆ 30,000 ಲೀಟರ್ ದಾಟುತ್ತದೆ.

ಆ ಕಾರ್ಬನ್ನನ್ನು ನೀರಿನಿಂದ ಬಿಡಿಸುವ ಬಗೆ ನಮ್ಮ ಮನೆಯ ನೆಲದ ಮೇಲೇ ಕಾಣಸಿಗುತ್ತದೆ. ಶಹಾಬಾದಿ ಫರಸಿಯ ಮೇಲೆ ನಿಂಬೆರಸ ಚೆಲ್ಲಿ ಹತ್ತು ನಿಮಿಷ ಬಿಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ; ಒರೆಸಿದ ಮೇಲೆ ಹೊಳಪು ಹೋಗಿ ಮಾಸಲು ಕಲೆ ಉಳಿಯುತ್ತದೆ. ಹುಳಿ ತಾಗಿ ಸುಣ್ಣದ ಕಲ್ಲು ಬಿಟ್ಟುಕೊಟ್ಟ ಕಾರ್ಬನ್ ಡೈಆಕ್ಸೈಡೇ ಆ ಗುಳ್ಳೆ. ಸಮುದ್ರದಲ್ಲೂ ಕಾರ್ಬನ್ ಡೈಆಕ್ಸೈಡ್ ಬಿಡಿಯಾಗಿ ಸಿಗುವುದು ಎರಡು ಮೂರು ಪರ್ಸೆಂಟ್ ಮಾತ್ರ, ಉಳಿದದ್ದೆಲ್ಲ ಹೆಚ್ಚುಕಡಿಮೆ ಬೈಕಾರ್ಬೊನೇಟ್ ಆಗಿ ಕಟ್ಟಿಹಾಕಿಕೊಂಡಿರುತ್ತದೆ. ನೀರನ್ನು ಹುಳಿಮಾಡಿ ಪಿಎಚ್ (ಹುಳಿ-ಕ್ಷಾರದ ಅಳತೆ) 6ಕ್ಕಿಂತ ಕೆಳಗಿಳಿಸಿದರೆ ಕಟ್ಟು ಬಿಚ್ಚುತ್ತದೆ, ವ್ಯಾಕ್ಯೂಮ್ ಪಂಪಿನಿಂದ ಎಳೆದರೆ ಅನಿಲ ಹೊರಬರುತ್ತದೆ. ಟ್ಯಾಂಕರ್‌ಗಟ್ಟಲೆ ಆ್ಯಸಿಡ್ ಸುರಿಯುವ ಬದಲು ನೌಕಾಪಡೆಯವರು ಮೂರು ಕೋಣೆಯ ಒಂದು ಪೆಟ್ಟಿಗೆ ಮಾಡಿದರು. ಒಂದು ತುದಿಯಲ್ಲಿ ಆನೋಡ್ (ಧನ ಧ್ರುವ), ಇನ್ನೊಂದು ತುದಿಯಲ್ಲಿ ಕ್ಯಾಥೋಡ್ (ಋಣ ಧ್ರುವ), ನಡುವಿನ ಕೋಣೆಯಲ್ಲಿ ಸಮುದ್ರದ ನೀರು ಹರಿಯುತ್ತದೆ. ಕೋಣೆಗಳ ನಡುವೆ ಧನ ಅಯಾನುಗಳನ್ನು (ಧನ ವಿದ್ಯುತ್ ಹೊತ್ತ ಕಣಗಳನ್ನು) ಮಾತ್ರ ದಾಟಿಸುವ ಪೊರೆ. ಕರೆಂಟ್ ಹರಿಸಿದಾಗ ಆನೋಡ್ ಕಡೆಯಿಂದ ಹೈಡ್ರೋಜನ್ ಅಯಾನು ನಡುಕೋಣೆಗೆ ಬಂದು ನೀರನ್ನು ಹುಳಿಮಾಡುತ್ತದೆ, ಸೋಡಿಯಂ ಆಚೆಗೆ ಹೋಗಿ ಕ್ಯಾಥೋಡ್ ಕಡೆ ಕಾಸ್ಟಿಕ್ ಸೋಡಾ ಆಗುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಏಳುತ್ತದೆ. ಕೊನೆಗೆ ಹುಳಿ ನೀರು, ಕ್ಷಾರದ ನೀರು ಎರಡನ್ನೂ ಕೂಡಿಸಿ ಸಮುದ್ರಕ್ಕೆ ಬಿಡುತ್ತಾರೆ.

ಜಾಣ ಕೆಲಸ, ನಿಜ. ಆದರೆ ಅಲ್ಲೇ ಸಿಗುವ ಹೈಡ್ರೋಜನ್ ಸಾಲುವುದಿಲ್ಲ. ಒಂದು ಬೈಕಾರ್ಬೊನೇಟ್ ಬಿಡಿಸುವುದಕ್ಕೆ ತಗಲುವ ಕರೆಂಟಿನಿಂದ ಹುಟ್ಟುವುದು ಅರ್ಧ ಅಣು ಹೈಡ್ರೋಜನ್. ಒಂದು ಕಾರ್ಬನ್ ಡೈಆಕ್ಸೈಡನ್ನು ಡೀಸೆಲ್‌ನ ಸರಪಳಿಯ ಒಂದು ಕೊಂಡಿ ಮಾಡಲು ಬೇಕಾಗುವುದು ಮೂರು ಅಣು. ಆರರಲ್ಲಿ ಒಂದು ಪಾಲು ಸಿಕ್ಕಿತು, ಐದು ಪಾಲಿಗೆ ಬೇರೆ ಎಲೆಕ್ಟ್ರೊಲೈಸರ್, ಅಂದರೆ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರ ಇಡಬೇಕು. ಕ್ಯಾಥೋಡಿನ ಮೇಲೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಬಿಳಿಯಾಗಿ ಕಚ್ಚಿಕೊಳ್ಳುತ್ತವೆ, ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಗೀಜರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರದ ಹಾಗೆ. ಅದನ್ನು ಬಿಡಿಸಲು ಆಗಾಗ ಧ್ರುವಗಳನ್ನು ಅದಲುಬದಲು ಮಾಡಬೇಕು.

ಸಮುದ್ರದ ನೀರನ್ನೇ ನೇರವಾಗಿ ಎಲೆಕ್ಟ್ರೊಲೈಸರಿಗೆ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಲೀಟರಿಗೆ 19 ಗ್ರಾಂ ಕ್ಲೋರೈಡ್ ಇರುವ ನೀರು ಅದು. ಆಮ್ಲಜನಕ ಬರಬೇಕಾದ ಕಡೆ ಕ್ಲೋರಿನ್ ಬರುತ್ತದೆ. ಲೋಹ ತಿನ್ನುತ್ತದೆ, ಪೊರೆ ತಿನ್ನುತ್ತದೆ, ಕೆಲಸಗಾರರ ಪುಪ್ಪುಸವನ್ನೂ ತಿನ್ನುತ್ತದೆ. ಹಾಗಾಗಿ ಮೊದಲು ಉಪ್ಪು ತೆಗೆಯುವುದೇ ರೂಢಿ. ತಮಾಷೆ ಏನೆಂದರೆ ಉಪ್ಪು ತೆಗೆಯುವುದು ಇಡೀ ಕೆಲಸದಲ್ಲಿ ಅತಿ ಅಗ್ಗ. ಸಾವಿರ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡಲು ಆರ್‌ಒ ಘಟಕಕ್ಕೆ ಮೂರು ನಾಲ್ಕು ಯೂನಿಟ್ ಸಾಕು. ಒಂದು ಕೆ.ಜಿ. ಹೈಡ್ರೋಜನ್‌ಗೆ ಬೇಕಾದ ಒಂಬತ್ತು ಹತ್ತು ಲೀಟರ್ ನೀರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅದೇ ಒಂದು ಕೆ.ಜಿ. ಹೈಡ್ರೋಜನನ್ನು ನೀರಿನಿಂದ ಒಡೆದು ತೆಗೆಯಲು 50ರಿಂದ 55 ಯೂನಿಟ್.

ಈಗ ಕೂಡಿಸೋಣ. ಲೀಟರ್ ಡೀಸೆಲ್‌ಗೆ ಪೋಲು ಸೇರಿ 400 ಗ್ರಾಂ ಹೈಡ್ರೋಜನ್, ಅದಕ್ಕೆ 21 ಯೂನಿಟ್. ಸಮುದ್ರದಿಂದ ಕಾರ್ಬನ್ ಡೈಆಕ್ಸೈಡ್ ಬಿಡಿಸಲು ಪೊರೆಯ ವಿಧಾನದಲ್ಲಿ ನಾಲ್ಕೂವರೆ ಯೂನಿಟ್. ಇದು ಇನ್ನೂ ಇಳಿಯಬಹುದು, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2023ರಲ್ಲಿ ಇದರ ಅರ್ಧದಷ್ಟರ ವಿಧಾನವೊಂದನ್ನು ಪ್ರಕಟಿಸಿದ್ದಾರೆ. 30,000 ಲೀಟರ್ ನೀರನ್ನು ಎತ್ತಿ, ಜಾಲರಿಯಲ್ಲಿ ಸೋಸಿ, ಪೆಟ್ಟಿಗೆಯ ಮೂಲಕ ನೂಕಲು ಎರಡು ಯೂನಿಟ್. ಅನಿಲಗಳನ್ನು ಒತ್ತಿ ರಿಯಾಕ್ಟರಿಗೆ, ಅಂದರೆ ಅವು ಕೂಡಿ ಡೀಸೆಲ್ ಆಗುವ ಪಾತ್ರೆಗೆ ಕೊಡಲು ಒಂದೂವರೆ. ಒಟ್ಟು 29ರ ಆಸುಪಾಸು. ನಾಳೆ ಯಾರಾದರೂ ಕಡಲಿನ ಭಾಗವನ್ನು ಪುಕ್ಕಟೆ ಮಾಡಿಕೊಟ್ಟರೂ 22 ಯೂನಿಟ್ಟಿಗಿಂತ ಹೆಚ್ಚು ಉಳಿದೇ ಇರುತ್ತದೆ, ಯಾಕೆಂದರೆ ಖರ್ಚಿನ ಮೂಲ ಹೈಡ್ರೋಜನ್.

ಸಮುದ್ರದ ನೀರನ್ನೇ ಪೈಪಿನಲ್ಲಿ ಇಲ್ಲಿಗೆ ತಂದರೆ ಎಂಬ ಪ್ರಶ್ನೆಯೂ ಕಿವಿಗೆ ಬಿದ್ದಿದೆ, ಹಾಗಾಗಿ ಅದನ್ನೂ ಲೆಕ್ಕ ಹಾಕಿದ್ದೇವೆ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ, ಪಶ್ಚಿಮದ ಕಡಲು ನೇರ ಗೆರೆ ಎಳೆದರೂ 350 ಕಿಲೋಮೀಟರಿಗಿಂತ ಆಚೆ. 30,000 ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೇ 37 ಯೂನಿಟ್, ಪಂಪಿನ ನಷ್ಟ ಸೇರಿದರೆ 50ರ ಹತ್ತಿರ. ಘಟ್ಟ ಹತ್ತಿಸುವುದು, ಪೈಪಿನ ಘರ್ಷಣೆ ಇನ್ನೂ ಸೇರಿಸಿಲ್ಲ. ಹತ್ತು ಯೂನಿಟ್ಟಿನ ಇಂಧನಕ್ಕೆ ನೀರು ಹೊರುವ ಕೂಲಿಯೇ ಐವತ್ತು.

ಹಾಗಾದರೆ ನಮ್ಮ ಜಿಲ್ಲೆಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಇಲ್ಲವೇ? ಬೇಕಾದಷ್ಟಿದೆ, ಅದೂ ಸಮುದ್ರಕ್ಕಿಂತ ಎಷ್ಟೋ ದಟ್ಟವಾಗಿ. ನೂರು ಕೆ.ಜಿ. ಶುದ್ಧ ಸುಣ್ಣದ ಕಲ್ಲು ಕಾಯಿಸಿದರೆ 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ. ಒಂದು ಟನ್ ಕ್ಲಿಂಕರಿಗೆ (ಪುಡಿಮಾಡಿ ಸಿಮೆಂಟ್ ಮಾಡುವ ಸುಟ್ಟ ಗಟ್ಟಿಗೆ) ಕಲ್ಲಿನಿಂದಲೂ ಕಲ್ಲಿದ್ದಲಿನಿಂದಲೂ ಸೇರಿ ಸುಮಾರು 800 ಕೆ.ಜಿ. ವಾಡಿ, ಮಳಖೇಡ, ಸೇಡಂ ಕಡೆಯ ಸಿಮೆಂಟ್ ಭಟ್ಟಿಗಳ ಚಿಮಣಿಯಲ್ಲಿ ಹೋಗುವ ಅನಿಲದಲ್ಲಿ ಐದನೇ ಒಂದು ಪಾಲಿನಷ್ಟು ಇದೇ ಇರುತ್ತದೆ. ಆದರೆ ಆ ಹೊಗೆಯಲ್ಲಿ ಧೂಳು, ಗಂಧಕದ ಆಕ್ಸೈಡ್, ಸಾರಜನಕದ ಆಕ್ಸೈಡ್, ಆಮ್ಲಜನಕ ಎಲ್ಲ ಬೆರೆತಿರುತ್ತವೆ. ಕಾರ್ಬನ್ ಡೈಆಕ್ಸೈಡನ್ನು ಅಮೀನ್ ಎಂಬ ರಾಸಾಯನಿಕದ ದ್ರಾವಣದಲ್ಲಿ ಹಿಡಿದು ಕಾಯಿಸಿ ಬಿಡಿಸಬೇಕು. ಟನ್ನಿಗೆ ಮೂರರಿಂದ ನಾಲ್ಕು ಗಿಗಾಜೂಲ್ (ಒಂದು ಗಿಗಾಜೂಲ್ ಸುಮಾರು 278 ಯೂನಿಟ್) ಹಬೆ ತಿನ್ನುತ್ತದೆ. ಗಂಧಕ ಮೊದಲೇ ತೊಳೆಯದಿದ್ದರೆ ದ್ರಾವಣ ಕೆಡುತ್ತದೆ, ಉಪ್ಪು ಕಟ್ಟುತ್ತದೆ, ಪೈಪ್ ತುಕ್ಕು ಹಿಡಿಯುತ್ತದೆ. ಇನ್ನೊಂದು ಮಾತು. ಸುಣ್ಣದ ಕಲ್ಲಿನ ಕಾರ್ಬನ್ ನೆಲದಡಿಯದು. ಅದರಿಂದ ಡೀಸೆಲ್ ಮಾಡಿ ಉರಿಸಿದರೆ ಆಕಾಶಕ್ಕೆ ಹೋಗುವುದು ತಪ್ಪುವುದಿಲ್ಲ, ಲಾರಿಯ ಸೈಲೆನ್ಸರ್ ಮೂಲಕ ಹೋಗುತ್ತದೆ ಅಷ್ಟೆ. ಉಳಿತಾಯವನ್ನು ಸಿಮೆಂಟಿನವರೂ ಇಂಧನದವರೂ ಇಬ್ಬರೂ ತಮ್ಮ ಖಾತೆಗೆ ಬರೆದುಕೊಳ್ಳದ ಹಾಗೆ ನೋಡಬೇಕು.

ಡಿಸ್ಟಿಲರಿಯ ಅನಿಲ ಇದಕ್ಕಿಂತ ಎಷ್ಟೋ ವಾಸಿ. ಕಾಕಂಬಿ ಹುಳಿಯುವಾಗ ಒಂದು ಲೀಟರ್ ಎಥೆನಾಲ್ ಜೊತೆ ಮುಕ್ಕಾಲು ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ, ನೀರಾವಿ ಬಿಟ್ಟರೆ ಬಹುಪಾಲು ಶುದ್ಧ. ಕಬ್ಬು ಹಿಂದಿನ ವರ್ಷ ಗಾಳಿಯಿಂದ ಹೀರಿದ ಕಾರ್ಬನ್ ಅದು, ಲೆಕ್ಕವೂ ಸ್ವಚ್ಛ. ಪ್ರಯೋಗ ಮಾಡಲೇಬೇಕೆಂದರೆ ಇಲ್ಲಿಂದ ಶುರುಮಾಡಿ. ಆದರೆ ಕಣ್ಣು ತೆರೆದು ಮಾಡಿ.

ದಿನಕ್ಕೆ 60,000 ಲೀಟರ್ ಎಥೆನಾಲ್ ತೆಗೆಯುವ ಒಂದು ಡಿಸ್ಟಿಲರಿ ಎಂದಿಟ್ಟುಕೊಳ್ಳಿ. ಅದರಿಂದ ದಿನಕ್ಕೆ 45 ಟನ್ ಕಾರ್ಬನ್ ಡೈಆಕ್ಸೈಡ್. ಅದೆಲ್ಲವನ್ನೂ ಇಂಧನ ಮಾಡಿದರೆ ದಿನಕ್ಕೆ 15,000 ಲೀಟರ್ ಡೀಸೆಲ್, ಅಂದರೆ ಪಂಪಿಗೆ ಬರುವ ಒಂದು ಟ್ಯಾಂಕರ್ ಲಾರಿ. ಸಮುದ್ರದ ಖರ್ಚು ಇಲ್ಲದ್ದರಿಂದ ಲೀಟರಿಗೆ 23 ಯೂನಿಟ್, ದಿನಕ್ಕೆ 3.45 ಲಕ್ಷ ಯೂನಿಟ್. ನಮ್ಮ ಬಿಸಿಲಿನಲ್ಲಿ ಒಂದು ಮೆಗಾವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4,500 ಯೂನಿಟ್ ಕೊಟ್ಟರೆ 77 ಮೆಗಾವ್ಯಾಟ್ ಬೇಕು. ಮೆಗಾವ್ಯಾಟಿಗೆ ನಾಲ್ಕು ಎಕರೆ ಹಿಡಿದರೂ ಮುನ್ನೂರು ಎಕರೆ. ಮುನ್ನೂರು ಎಕರೆಯ ಬಿಸಿಲು ದಿನವಿಡೀ ಬಿದ್ದರೆ ಒಂದು ಟ್ಯಾಂಕರ್. ಇಷ್ಟೇ ಇಂಧನವನ್ನು ಸಮುದ್ರದ ಕಾರ್ಬನ್‌ನಿಂದ ಮಾಡಲು ಹೋದರೆ ದಿನಕ್ಕೆ 45 ಕೋಟಿ ಲೀಟರ್ ನೀರು ಹಾಯಿಸಬೇಕು. ಕಲಬುರಗಿ ಜಿಲ್ಲೆಯ 25.66 ಲಕ್ಷ ಜನರಿಗೆ (2011ರ ಜನಗಣತಿ) ತಲೆಗೆ 135 ಲೀಟರ್‌ನಂತೆ ಕೊಟ್ಟರೂ ಅದರಲ್ಲಿ ಹತ್ತು ಕೋಟಿ ಲೀಟರ್ ಮಿಗುತ್ತದೆ.

ಸೋಲಾರ್ ಹಗಲು ಮಾತ್ರ. ಎಲೆಕ್ಟ್ರೊಲೈಸರ್ ಬೇಕಾದರೆ ಬೆಳಗ್ಗೆ ಎದ್ದು ಸಂಜೆ ಮಲಗಬಹುದು, ರಿಯಾಕ್ಟರ್ ಹಾಗೆ ಮಲಗುವುದಿಲ್ಲ. ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಕೂಡಿ ಸರಪಳಿಯಾಗುವುದು ಕಬ್ಬಿಣದ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಮೇಲೆ, 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, 20-30 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಈ ಕ್ರಿಯೆ ತಾನೇ ಶಾಖ ಬಿಡುತ್ತದೆ. ಶಾಖ ತೆಗೆಯುವುದು ಒಂದು ಕಡೆ ತಡವಾದರೆ ಅಲ್ಲಿ ಬಿಸಿ ಚುಕ್ಕೆ ಏಳುತ್ತದೆ, ಡೀಸೆಲ್ ಬದಲು ಮೀಥೇನ್ ಬರುತ್ತದೆ, ಕ್ಯಾಟಲಿಸ್ಟ್ ಸುಟ್ಟು ಗಂಟುಕಟ್ಟುತ್ತದೆ. ದಿನಾ ಆರಿಸಿ ಹೊತ್ತಿಸಿದರೆ ಅದರ ಆಯಸ್ಸು ಕರಗುತ್ತದೆ. ಡಿಸ್ಟಿಲರಿ ಅನಿಲದಲ್ಲಿ ಸುಳಿವಿನಷ್ಟೇ ಇರುವ ಗಂಧಕವೂ ಅದಕ್ಕೆ ವಿಷ. ನೀರಿನಿಂದ ತೊಳೆದು, ಇದ್ದಿಲಿನಲ್ಲಿ ಸೋಸಿ, ಸತುವಿನ ಆಕ್ಸೈಡ್ ಹಾಸಿನ ಮೇಲೆ ಹಾಯಿಸಿ ಆಮೇಲೆ ಒಳಬಿಡಬೇಕು. ಕ್ರಿಯೆಯಲ್ಲೇ ಹುಟ್ಟುವ ನೀರಾವಿ ಕೂಡ ಕಬ್ಬಿಣವನ್ನು ತುಕ್ಕಾಗಿಸುತ್ತದೆ. ಹೊರಬರುವುದೂ ಬರೀ ಡೀಸೆಲ್ ಅಲ್ಲ: ಅನಿಲ, ನಾಫ್ತಾ, ಡೀಸೆಲ್, ಮೇಣ ಎಲ್ಲ ಒಟ್ಟಿಗೆ. ಮೇಣವನ್ನು ಮತ್ತೆ ಹೈಡ್ರೋಜನ್ ಹಾಕಿ ಒಡೆಯಬೇಕು. ಡೀಸೆಲ್ ಎಂದು ಬಂದದ್ದರ ಸಾಂದ್ರತೆ ಡೀಸೆಲ್‌ಗಿರುವ ಭಾರತೀಯ ಮಾನದಂಡ ಐಎಸ್ 1460 ಕೇಳುವುದಕ್ಕಿಂತ ಕಡಿಮೆ ಇರುತ್ತದೆ, ಜಾರುಗುಣವೂ ಕಡಿಮೆ. ಮಾಮೂಲಿ ಡೀಸೆಲ್‌ಗೆ ಬೆರೆಸದೆ, ಜಾರುಗುಣದ ಸೇರ್ಪಡೆ ಹಾಕದೆ ನೇರ ಪಂಪಿಗೆ ಬಿಡುವಂತಿಲ್ಲ.

ರಿಯಾಕ್ಟರ್ ರಾತ್ರಿಯೂ ನಡೆಯಬೇಕೆಂದರೆ ಹಗಲಿನ ಹೈಡ್ರೋಜನ್ ಕೂಡಿಡಬೇಕು. ಮೇಲಿನ ಘಟಕಕ್ಕೆ ಅದು ನಾಲ್ಕು ಟನ್. 30 ಬಾರ್‌ನಲ್ಲಿ ಇಟ್ಟರೆ 1,700 ಘನ ಮೀಟರ್ ಟ್ಯಾಂಕ್. ಅದಕ್ಕೆ ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪೆಸೊ ಸಂಸ್ಥೆಯ ಪರವಾನಗಿ, ಸುರಕ್ಷಾ ಅಂತರ, ಸೋರಿಕೆ ಪತ್ತೆಯಂತ್ರ ಎಲ್ಲ ಬೇಕು. ಸರಾಸರಿ 14 ಮೆಗಾವ್ಯಾಟ್ ಸಾಲುವ ಕಡೆ ಬಿಸಿಲಿನ ಹೊತ್ತಿಗೆಂದು 60-70 ಮೆಗಾವ್ಯಾಟ್ ಎಲೆಕ್ಟ್ರೊಲೈಸರ್ ಕೊಂಡು ಉಳಿದ ಹೊತ್ತು ಸುಮ್ಮನೆ ನಿಲ್ಲಿಸಬೇಕು. ಮೋಡ ಕವಿದು ಲೋಡ್ ತೀರಾ ಇಳಿದರೆ ಆಲ್ಕಲೈನ್ (ಕ್ಷಾರದ ದ್ರಾವಣ ಬಳಸುವ) ಎಲೆಕ್ಟ್ರೊಲೈಸರಿನಲ್ಲಿ ಹೈಡ್ರೋಜನ್ ಪೊರೆ ದಾಟಿ ಆಮ್ಲಜನಕಕ್ಕೆ ಸೇರುತ್ತದೆ. ನಾಲ್ಕು ಪರ್ಸೆಂಟಿಗೆ ಸ್ಫೋಟದ ಅಂಚು, ಎರಡಕ್ಕೇ ಯಂತ್ರ ತಾನಾಗಿ ಟ್ರಿಪ್ ಆಗಬೇಕು. ಆಷಾಢದ ಒಂದು ಮೋಡದ ದಿನಕ್ಕೆ ಎಷ್ಟು ಸಲ ಟ್ರಿಪ್ ಎಂದು ಪ್ರಸ್ತಾವನೆಯಲ್ಲಿ ಬರೆಯುವವರು ಕಡಿಮೆ.

ಬೇಸಿಗೆ ಇನ್ನೊಂದು. ಏಪ್ರಿಲ್-ಮೇನಲ್ಲಿ ಗಾಳಿ 43 ಡಿಗ್ರಿ ಇದ್ದರೆ ಪ್ಯಾನೆಲ್ 65-70ಕ್ಕೆ ಏರುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಮೂರನೇ ಒಂದು ಪರ್ಸೆಂಟಿನಷ್ಟು ಕಡಿತ. ಬಿಸಿಲು ಹೆಚ್ಚಾದಷ್ಟು ಕರೆಂಟ್ ಹೆಚ್ಚು ಎಂಬುದು ಅರ್ಧ ಸತ್ಯ. ಸಿಮೆಂಟ್ ಕಾರ್ಖಾನೆಯ ಆಸುಪಾಸಿನಲ್ಲಿ ಪ್ಯಾನೆಲ್ ಮೇಲೆ ಕೂತ ಧೂಳಿಗೆ ಚಳಿಗಾಲದ ಇಬ್ಬನಿ ಬಿದ್ದರೆ ಅದು ಗಚ್ಚಿನ ಹಾಗೆ ಹಿಡಿಯುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ, ಉಜ್ಜಿದರೆ ಗಾಜಿಗೆ ಗೀರು.

ನೀರಿನ ಮಾತು ಪ್ರಸ್ತಾವನೆಗಳಲ್ಲಿ ಯಾವಾಗಲೂ ಅರ್ಧ ಬರೆದಿರುತ್ತದೆ. ಎಲೆಕ್ಟ್ರೊಲೈಸರ್ ಕುಡಿಯುವುದು ದಿನಕ್ಕೆ 54,000 ಲೀಟರ್. ನಮ್ಮ ಗಡಸು ನೀರಿನ ಆರ್‌ಒ ತ್ಯಾಜ್ಯ ಸೇರಿದರೆ ಒಂದು ಲಕ್ಷ. ಅಷ್ಟೇ ಎಂದು ಬರೆಯುತ್ತಾರೆ. ಆದರೆ ಲೀಟರಿಗೆ 23 ಯೂನಿಟ್ ಹೋಗಿ 10 ಉಳಿದರೆ 13 ಯೂನಿಟ್ ಶಾಖವಾಗಿ ಹೊರಹೋಗಬೇಕು. ಅದನ್ನೆಲ್ಲ ಕೂಲಿಂಗ್ ಟವರಿನಲ್ಲಿ ತಣಿಸಿದರೆ ದಿನಕ್ಕೆ ಸುಮಾರು ಮೂರು ಲಕ್ಷ ಲೀಟರ್ ಆವಿಯಾಗಿ ಹೋಗುತ್ತದೆ. ಒಟ್ಟು ನಾಲ್ಕು ಲಕ್ಷ, 5,000 ಲೀಟರಿನ ಎಂಬತ್ತು ಟ್ಯಾಂಕರ್. ಭೀಮಾ ಬತ್ತಿ, ಹಳ್ಳಿಗಳಿಗೆ ಟ್ಯಾಂಕರ್ ಓಡುವ ತಿಂಗಳಲ್ಲಿ ಇದು ಎಲ್ಲಿಂದ ಬರುತ್ತದೆ ಎಂಬುದನ್ನು ಜಲ ಮೂಲದ ಹೆಸರು ಹಿಡಿದು ಬರೆಸಿಕೊಳ್ಳಿ. ಗಾಳಿಯಲ್ಲಿ ತಣಿಸುವ ಯಂತ್ರ ಇಟ್ಟರೆ ನೀರು ಉಳಿಯುತ್ತದೆ, ಆದರೆ ಗಾಳಿಯೇ 43 ಡಿಗ್ರಿ ಇರುವ ಮಧ್ಯಾಹ್ನ ಅದು ಏದುಸಿರು ಬಿಡುತ್ತದೆ.

ಸೋಲಾರ್ ಬೇಡ, ಗ್ರಿಡ್ ಕರೆಂಟಿನಲ್ಲೇ ಹಗಲುರಾತ್ರಿ ನಡೆಸುತ್ತೇವೆ ಎಂದರೆ ಒಪ್ಪಲೇಬೇಡಿ. ದೇಶದ ಗ್ರಿಡ್‌ನ ಒಂದು ಯೂನಿಟ್ಟಿನ ಹಿಂದೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಇದೆ. 23 ಯೂನಿಟ್ಟಿಗೆ 16 ಕೆ.ಜಿ. ಮಾಮೂಲಿ ಡೀಸೆಲ್ ಒಂದು ಲೀಟರ್ ಉರಿದರೆ 2.7 ಕೆ.ಜಿ. ಆರು ಪಟ್ಟು ಹೊಗೆ ಎಬ್ಬಿಸಿ ಹಸಿರು ಡೀಸೆಲ್ ಎಂದು ಹೆಸರಿಟ್ಟ ಹಾಗಾಗುತ್ತದೆ. ಕರ್ನಾಟಕದ ಗ್ರಿಡ್‌ನಲ್ಲಿ ಸೋಲಾರ್, ಗಾಳಿ ಹೆಚ್ಚಿದೆ ಎನ್ನುವುದು ಹಗಲಿಗೆ ನಿಜ. ರಾತ್ರಿ ಹೆಚ್ಚುವರಿ ಯೂನಿಟ್ ಕೇಳಿದರೆ ಉತ್ತರ ಕೊಡುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು.

ಹಣದ ಲೆಕ್ಕ ಚುಟುಕಾಗಿ. ಸೋಲಾರ್ ಯೂನಿಟ್ ಎರಡೂವರೆಯಿಂದ ಮೂರು ರೂಪಾಯಿ ಎಂದರೆ 23 ಯೂನಿಟ್ಟಿಗೆ 58ರಿಂದ 69 ರೂಪಾಯಿ, ಅದು ಬರೀ ಕರೆಂಟ್. ಎಲೆಕ್ಟ್ರೊಲೈಸರ್, ಟ್ಯಾಂಕ್, ರಿಯಾಕ್ಟರ್, ಸಾಲದ ಬಡ್ಡಿ ಇದರ ಮೇಲೆ. ಈ ಅಂಕಿಯನ್ನು ಪಂಪಿನ ಬೋರ್ಡಿನ ಬೆಲೆಗೆ ಹೋಲಿಸಿ ಅಗ್ಗ ಎಂದು ತೋರಿಸುವುದು ಹಳೆಯ ಕೈಚಳಕ. ಬೋರ್ಡಿನ ಬೆಲೆಯಲ್ಲಿ ಕೇಂದ್ರದ ಸುಂಕ, ರಾಜ್ಯದ ತೆರಿಗೆ, ಡೀಲರ್ ಕಮಿಷನ್ ಎಲ್ಲ ಸೇರಿವೆ. ಅವನ್ನು ಕಳೆದು ಹೋಲಿಸಿ.

ಅದೇ 23 ಯೂನಿಟ್ಟಿನಲ್ಲಿ ಬೇರೆ ಏನಾಗುತ್ತದೆ ಎಂಬುದನ್ನೂ ಪಕ್ಕದಲ್ಲಿಡಿ. ಕಿಲೋಮೀಟರಿಗೆ ಒಂದೂಕಾಲು ಯೂನಿಟ್ ತಿನ್ನುವ ಎಲೆಕ್ಟ್ರಿಕ್ ಬಸ್ 18 ಕಿಲೋಮೀಟರ್ ಹೋಗುತ್ತದೆ. ಒಂದು ಲೀಟರ್ ಡೀಸೆಲ್ ಹಾಕಿದ ಬಸ್ ಐದು ಕಿಲೋಮೀಟರ್. ಇಡೀ ಘಟಕದ ದಿನದ 3.45 ಲಕ್ಷ ಯೂನಿಟ್ಟಿನಲ್ಲಿ 5 ಎಚ್‌ಪಿಯ ಹತ್ತು ಸಾವಿರ ಪಂಪ್‌ಸೆಟ್ ಹಗಲು ಏಳು ತಾಸು ನಡೆಯುತ್ತವೆ. ರಾತ್ರಿ ಮೂರಕ್ಕೆ ಟಾರ್ಚ್ ಹಿಡಿದು ಹೊಲಕ್ಕೆ ಹೋಗುವ ರೈತರಿಗೆ ಹಗಲು ಕರೆಂಟ್ ಕೊಡುವ ಫೀಡರ್ ಸೋಲಾರ್ ಕೆಲಸಕ್ಕೆ ಕುಸುಮ್ ಯೋಜನೆ ಈಗಾಗಲೇ ಇದೆ. ಮಂಡಳಿಯ ಮೊದಲ ರೂಪಾಯಿ ಅಲ್ಲಿಗೆ ಹೋಗಲಿ ಎಂಬುದು ನಮ್ಮ ಅಭಿಪ್ರಾಯ. ಸಿಂಥೆಟಿಕ್ ಇಂಧನಕ್ಕೆ ನ್ಯಾಯವಾದ ಜಾಗ ಬ್ಯಾಟರಿ ಹೊರಲಾಗದ ದೂರದ ವಿಮಾನ ಮತ್ತು ಹಡಗು.

ಆದರೂ ಕಲಿಯಬೇಕು, ನಮ್ಮ ಇಂಜಿನಿಯರಿಂಗ್ ಹುಡುಗರ ಕೈಗೆ ಈ ವಿದ್ಯೆ ಬರಬೇಕು ಎಂದರೆ ಸಣ್ಣದಾಗಿ ಮಾಡಿ, ಡೀಸೆಲ್ ಬಿಟ್ಟು ಮೆಥನಾಲ್ (ಇಂಧನವಾಗಿಯೂ ಉರಿಯುವ ಒಂದು ಬಗೆಯ ಆಲ್ಕೋಹಾಲ್) ಮಾಡಿ. ಅದು ಒಂದೇ ಪದಾರ್ಥ, ಮೇಣ ಒಡೆಯುವ ಗೋಜಿಲ್ಲ. ತಾಮ್ರ-ಸತುವಿನ ಕ್ಯಾಟಲಿಸ್ಟ್, 250 ಡಿಗ್ರಿ, 50ರಿಂದ 80 ಬಾರ್, ಬಳಸಿ ಹಳೆಯದಾದ ವಿಧಾನ. ಐಸ್‌ಲ್ಯಾಂಡಿನಲ್ಲಿ ಭೂಶಾಖದ ಕರೆಂಟಿನಿಂದ 2012ರ ಸುಮಾರಿಗೆ ಶುರುಮಾಡಿದ ಘಟಕವನ್ನು 2015ರಲ್ಲಿ ವರ್ಷಕ್ಕೆ 4,000 ಟನ್ ಸಾಮರ್ಥ್ಯಕ್ಕೆ ಹಿಗ್ಗಿಸಿದರು. ಮಧ್ಯಪ್ರದೇಶದ ವಿಂಧ್ಯಾಚಲ ಸ್ಥಾವರದಲ್ಲಿ ಎನ್‌ಟಿಪಿಸಿ ಚಿಮಣಿಯ ಅನಿಲದಿಂದ ದಿನಕ್ಕೆ ಹತ್ತು ಟನ್ನಿನ ಘಟಕ ಹಾಕಿದೆ. ಚಿಲಿಯ ದಕ್ಷಿಣ ತುದಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಶುರುವಾದ ಪ್ರಯೋಗ ಘಟಕ 3.4 ಮೆಗಾವ್ಯಾಟಿನ ಒಂದು ಗಾಳಿಯಂತ್ರ ಇಟ್ಟುಕೊಂಡು ವರ್ಷಕ್ಕೆ 1.3 ಲಕ್ಷ ಲೀಟರ್ ಪೆಟ್ರೋಲ್ ಗುರಿ ಹಾಕಿಕೊಂಡಿತು. ದಿನಕ್ಕೆ 356 ಲೀಟರ್. ಪ್ರಪಂಚದ ಅತ್ಯುತ್ತಮ ಗಾಳಿ ಬೀಸುವ ಜಾಗ ಅದು. ನಮ್ಮಲ್ಲಿ ಒಂದು ಮೆಗಾವ್ಯಾಟಿನ ಎಲೆಕ್ಟ್ರೊಲೈಸರ್ ಪೂರ್ತಿ ಲೋಡಿನಲ್ಲಿ ತಾಸಿಗೆ 19 ಕೆ.ಜಿ. ಹೈಡ್ರೋಜನ್, ಅದರಿಂದ 95 ಕೆ.ಜಿ. ಮೆಥನಾಲ್ ಕೊಡುತ್ತದೆ. ಕಲಿಯಲು ಇಷ್ಟು ಧಾರಾಳ. ಜೊತೆಗೆ ಬರುವ 150 ಕೆ.ಜಿ. ಆಮ್ಲಜನಕವನ್ನು ಗಾಳಿಗೆ ಬಿಡದೆ ಮಾರುವ ದಾರಿಯನ್ನೂ ಮೊದಲೇ ಹುಡುಕಿಕೊಳ್ಳಬೇಕು.

ಇದರಾಚೆ ದೊಡ್ಡದೇನಾದರೂ ಬಂದರೆ ನಮ್ಮ ಕೋರಿಕೆ ಇಷ್ಟು. ಜಮೀನು ಮಂಜೂರಿಗೆ ಮೊದಲು ಘಟಕದ ಗೇಟಿನಲ್ಲಿ ವಿದ್ಯುತ್ ಕಂಪನಿ ಜೆಸ್ಕಾಂ ಮೊಹರು ಮಾಡಿದ ಒಂದೇ ಮೀಟರ್, ಇಂಧನ ಹೊರಹೋಗುವ ಕಡೆ ಒಂದೇ ತೂಕದ ಯಂತ್ರ ಇರಲಿ. ಕಂಪ್ರೆಸರ್, ಪಂಪ್, ಆರ್‌ಒ, ಕೂಲಿಂಗ್, ಆಫೀಸಿನ ಎಸಿ ಎಲ್ಲ ಆ ಮೀಟರಿನ ಒಳಗೇ ಬರಬೇಕು. ಸಣ್ಣ ಮಾದರಿ ಯಂತ್ರವಾದರೂ ಸರಿ, ಒಂದು ಸಾವಿರ ತಾಸು ನಿಲ್ಲದೆ ನಡೆದ ದಾಖಲೆ ತೋರಿಸಬೇಕು. ಎರಡು ತಾಸಿನ ಪ್ರಾತ್ಯಕ್ಷಿಕೆಯಲ್ಲಿ ಕ್ಯಾಟಲಿಸ್ಟ್ ಕೆಡುವುದು ಕಾಣುವುದಿಲ್ಲ. ಪ್ರಾತ್ಯಕ್ಷಿಕೆಯ ದಿನ ಗೋಡೆಯ ಹಿಂದೆ ಹೈಡ್ರೋಜನ್ ಸಿಲಿಂಡರ್ ಇದೆಯೇ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಎಲ್ಲಿಂದ ಬಂತು ಎಂದು ಪೈಪ್ ಹಿಡಿದುಕೊಂಡು ಕೊನೆತನಕ ನಡೆದು ನೋಡಿ.

ಬಾಟಲಿಯಲ್ಲಿ ಕೊಟ್ಟ ದ್ರವವನ್ನು ಮೂಸಿ, ಬೆಂಕಿ ಹಚ್ಚಿ ಒಪ್ಪಬೇಡಿ. ಅದರ ಕಾರ್ಬನ್-14 (ಕಾಲ ಕಳೆದಂತೆ ತಾನಾಗಿ ಸವೆಯುವ ಒಂದು ಬಗೆಯ ಕಾರ್ಬನ್) ಪರೀಕ್ಷೆ ಮಾಡಿಸಿ. ಕಬ್ಬಿನಿಂದಲೋ ಸಮುದ್ರದಿಂದಲೋ ಬಂದ ಕಾರ್ಬನ್ ಆದರೆ ಈ ಕಾಲದ ಕಾರ್ಬನ್-14 ಅದರಲ್ಲಿ ಇರುತ್ತದೆ. ಪಂಪಿನಿಂದ ತಂದ ಡೀಸೆಲ್ ಆದರೆ ಕೋಟ್ಯಂತರ ವರ್ಷ ನೆಲದಡಿ ಇದ್ದು ಅದು ಪೂರಾ ಸವೆದು ಹೋಗಿರುತ್ತದೆ. ಮಾದರಿಯನ್ನು ಅಧಿಕಾರಿಯ ಎದುರಲ್ಲೇ, ರಿಯಾಕ್ಟರಿನ ನಲ್ಲಿಯಿಂದಲೇ ಹಿಡಿದು ಮೊಹರು ಮಾಡಬೇಕು. ಅದೇ ನಿಮಿಷದ ಮೀಟರ್ ರೀಡಿಂಗ್ ಬಾಟಲಿಯ ಚೀಟಿಯ ಮೇಲೆ ಬರೆದಿರಬೇಕು.

ಇಂತಿ,
ಕಲಬುರಗಿಯ ಕೆಲವು ಇಂಜಿನಿಯರುಗಳು ಮತ್ತು ರಸಾಯನಶಾಸ್ತ್ರ ಅಧ್ಯಾಪಕರು